ಸಪ್ಪಳ ಸಮೇತ ಸಮುದ್ರ

ನಮ್ಮ ಮನೆಯವರಿಗೆ ಕಲಬುರಗಿಯಲ್ಲಿ ಸಿಮೆಂಟಿನ ಅಂಗಡಿ. ಮಾತು ಕಡಿಮೆ. ನನ್ನ ಜೊತೆ ಇನ್ನೂ ಕಡಿಮೆ, ಅವರವ್ವನ ಎದುರಿಗೆ ನನ್ನ ಜೊತೆ ಅಂತೂ ಇಲ್ಲವೇ ಇಲ್ಲ. ಅಂಥವರು ಒಂದು ಮಧ್ಯಾಹ್ನ ಜೇವರ್ಗಿ ಕಾಲೋನಿಯ ನಮ್ಮ ಮನೆಗೆ ಹೊತ್ತಲ್ಲದ ಹೊತ್ತಿನಲ್ಲಿ ಬಂದು, ಚಪ್ಪಲಿ ಹಾಕಿಕೊಂಡೇ ಅಡುಗೆಮನೆಯ ತನಕ ನಡೆದು, "ಹಡಗ ಹತ್ತಬೇಕಂತ" ಎಂದರು.

ನಾನು ರೊಟ್ಟಿ ಬಡಿಯುತ್ತಿದ್ದೆ. "ಮೊದಲು ಚಪ್ಪಲಿ ಹೊರಗ ಬಿಟ್ಟು ಬರ್ರಿ" ಎಂದೆ. ಹೋಗಿ ಬಿಟ್ಟು ಬಂದರು. ಆಮೇಲೆ ಒಂದೊಂದೇ ಮಾತಾಗಿ ಸಂಗತಿ ಹೊರಬಿತ್ತು. ಆ ವರ್ಷ ಹೆಚ್ಚು ಚೀಲ ಮಾರಿದ ಡೀಲರುಗಳನ್ನು ಕಂಪನಿಯವರು ಹೆಂಡತಿ ಮಕ್ಕಳ ಸಮೇತ ಸಿಂಗಾಪುರಕ್ಕೆ ಕರೆದೊಯ್ದು, ಅಲ್ಲಿಂದ ದೊಡ್ಡ ಹಡಗಿನಲ್ಲಿ ಕೂರಿಸಿ ಸುತ್ತಾಡಿಸಿ ತರುತ್ತಾರಂತೆ. ಖರ್ಚೆಲ್ಲ ಅವರದೇ. ಒಲೆಯ ಮೇಲಿದ್ದ ರೊಟ್ಟಿ ಸೀದು ಕರಿಯಾಯಿತು. ಇಬ್ಬರೂ ನೋಡುತ್ತಲೇ ಇದ್ದೆವು, ತೆಗೆಯಲಿಲ್ಲ.

ಇದು ಎರಡು ಸಾವಿರನೇ ಇಸವಿ ದಾಟಿದ ಹೊಸತರ ಮಾತು. ಆಗ ನಾನು ಪ್ರೈಮರಿ ಶಾಲೆಯಲ್ಲಿ ಟೀಚರ್. ಒಬ್ಬಳೇ ಮಗಳು, ಐದನೆಯ ಇಯತ್ತೆ. ಸುದ್ದಿ ಗೊತ್ತಾದ ಮೇಲೆ ನನ್ನ ಕಾಲು ನೆಲಕ್ಕೆ ಹತ್ತಲಿಲ್ಲ. ಶಾಲೆಯಲ್ಲಿ ಹೇಳಿದೆ, ಹಾಲಿನವನಿಗೆ ಹೇಳಿದೆ, ಗಾಜಿಪುರದ ತವರಿಗೆ ಆಟೋ ಮಾಡಿಕೊಂಡು ಹೋಗಿ ಹೇಳಿದೆ. ನಮ್ಮವ್ವ ಬಹಳ ಹೊತ್ತು ಯೋಚಿಸಿ, "ಹಡಗಿನ್ಯಾಗ ನಳ ದಿನಾ ಬರ್ತದೇನ, ಇಲ್ಲಾ ದಿನ ಬಿಟ್ಟು ದಿನಾನೋ?" ಎಂದು ಕೇಳಿದಳು. ಸುತ್ತಲೂ ನೀರೇ ಇರುವ ಕಡೆ ನೀರಿನ ಚಿಂತೆ ಮಾಡಿದವಳು ಅವಳೊಬ್ಬಳೇ ಇರಬೇಕು. ಆದರೆ ಗಾಜಿಪುರದ ನಳ ನೋಡಿದವರಿಗೆ ಆ ಚಿಂತೆ ತಪ್ಪು ಅನಿಸುವುದಿಲ್ಲ.

ಇನ್ನು ಉಳಿದದ್ದು ಕಮಲಾಪುರ. ಅಲ್ಲಿ ಭಾವನವರ, ಅಂದರೆ ಇವರ ಅಣ್ಣನ ಸಂಸಾರದ ಜೊತೆ ನಮ್ಮ ಅತ್ತೆ ಇದ್ದರು. ಕೆಂಪು ಬಾಳೆಯ ತೋಟ, ತುಂಬಿದ ಮನೆ. ಅತ್ತೆಗೆ ಹೇಳದೆ ನಮ್ಮ ಮನೆಯಲ್ಲಿ ಹೊಸ ಕುಕ್ಕರು ಕೂಡ ತರುವ ಪದ್ಧತಿ ಇರಲಿಲ್ಲ. ನಾವು ಹೋದಾಗ ಅವರು ಪಡಸಾಲೆಯಲ್ಲಿ ಮೊರ ಹಿಡಿದು ತೊಗರಿಬೇಳೆ ಹಸನು ಮಾಡುತ್ತಿದ್ದರು. ಇವರು ಹಡಗಿನ ಸಂಗತಿ ಹೇಳಿ, "ನೀನೂ ಬರ್ತಿ ಏನವ್ವ, ಕಂಪನಿಯವರಿಗೆ ಕೇಳ್ತೀನಿ" ಎಂದರು.

"ಕಲಬುರಗಿ ಮುಟ್ಟೂದ್ರಾಗ ಬಸ್ಸಿನ್ಯಾಗ ವಾಂತಿ ಮಾಡ್ಕೊಳ್ಳಾಕಿ ನಾನು. ಹಡಗ ಹತ್ತಿಸಿ ಎಲ್ಲೀ ತನಕ ವಾಂತಿ ಮಾಡಿಸ್ತೀಯಪ್ಪ?" ಎಂದು ಮೊರ ಒಮ್ಮೆ ಕೇರಿದರು. ಇವರು ತೋಟದ ಕಡೆ ಹೋದ ಮೇಲೆ ನನ್ನನ್ನು ಹತ್ತಿರ ಕರೆದು, "ಯವ್ವಾ, ಕ್ಯಾಮರಾ ಒಯ್ತೀರೇನು?" ಎಂದರು.

"ಅಲ್ಲೇ ತಗೋತಾರಂತ್ರಿ ಅತ್ತೆವ್ವ."

"ಹಂಗಾರ ನನಗ ಸಮುದ್ರ ತಗೊಂಬಾ. ಸಪ್ಪಳ ಸಮೇತ ಬೇಕು. ಅಂವಗ ಹೇಳಬ್ಯಾಡ, ಅಂವ ಇಂಜಿನ್ ತಗೀತಾನ. ನೀ ತಗೊಂಬಾ."

ಸಪ್ಪಳದ ಹಿಂದೆ ಒಂದು ಜಗಳವಿತ್ತು. ನಮ್ಮ ಮಾವನವರು ಎಂದೋ ಒಮ್ಮೆ ಬಾಳೆಗೊನೆಯ ಲಾರಿಯ ಜೊತೆ ಬೊಂಬಾಯಿಗೆ ಹೋಗಿದ್ದರಂತೆ. ಬಾಳೆ ಎಷ್ಟಕ್ಕೆ ಹೋಯಿತು ಅಂತ ಕೇಳಿದರೆ ಅದು ನೆನಪಿಲ್ಲ, ಸಮುದ್ರ ಮಾತ್ರ ಬಾಯಿತುಂಬ. ಅದು ಒಂದು ಗಳಿಗೆ ಸುಮ್ಮನಿರುವುದಿಲ್ಲ, ಗಾಳಿ ಇರಲಿ ಬಿಡಲಿ, ಹಗಲೂ ರಾತ್ರಿ ಒದರುತ್ತದೆ ಎಂದು ಬದುಕಿರುವ ತನಕ ಹೇಳಿದರು. ಅಷ್ಟೂ ದಿನ ಅತ್ತೆ ನಂಬಲಿಲ್ಲ. ಕೆರೆ, ಬಾವಿ, ಹಳ್ಳ ಎಲ್ಲ ನೋಡಿದವರು ಅವರು. ಮಳೆ ಬಂದಾಗ ಹಳ್ಳ ಒದರುತ್ತದೆ, ಮಳೆ ನಿಂತರೆ ಸುಮ್ಮನಾಗುತ್ತದೆ. ಯಾವಾಗಲೂ ಒದರಲು ಅದಕ್ಕೇನು ಹುಚ್ಚೇ? ಊಟಕ್ಕೆ ಕೂತಾಗ, ಹೊಲಕ್ಕೆ ಹೋಗುವಾಗ, ಮಗಳನ್ನು ಗಂಡನ ಮನೆಗೆ ಕಳಿಸುವಾಗ ಕೂಡ ಈ ಜಗಳ ನಡೆದಿತ್ತಂತೆ. ತೀರದೆ ಹಾಗೇ ಉಳಿಯಿತು, ಮಾವನವರು ಹೋಗಿಬಿಟ್ಟರು. "ಖರೇ ಹೇಳ್ಯಾರೋ, ಸುಳ್ಳು ಹೇಳ್ಯಾರೋ, ಒಮ್ಮೆ ತಿಳೀಬೇಕು ನನಗ" ಎಂದರು ಅತ್ತೆ. ನಾನು ಮೊರದ ಮೇಲೆ ಕೈಯಿಟ್ಟು ತರುತ್ತೇನೆ ಎಂದು ಮಾತು ಕೊಟ್ಟೆ.

ಹಡಗು ಹತ್ತಿದ ಮೊದಲ ದಿನ ನಾವು ನೋಡಿದ್ದು ಲಿಫ್ಟು. ನಮ್ಮ ಕಡೆಯ ಡೀಲರುಗಳ ಸಂಸಾರಗಳೆಲ್ಲ ಅದರಲ್ಲಿ ಮೇಲೆ ಹೋಗಿ ಕೆಳಗೆ ಬಂದು, ಮತ್ತೆ ಮೇಲೆ ಹೋದವು. ಕೋಣೆಯಲ್ಲಿ ಟವೆಲ್ಲನ್ನು ಮಡಚಿ ಹಂಸ ಮಾಡಿ ಇಟ್ಟಿದ್ದರು. ಮಗಳು ಅದನ್ನು ಬಿಚ್ಚಬಾರದೆಂದು ಹಟ ಹಿಡಿದದ್ದರಿಂದ ನಾವು ಮೂವರೂ ಒಂದೇ ಟವೆಲ್ಲಿನಲ್ಲಿ ಮೈ ಒರೆಸಿಕೊಂಡೆವು. ಊಟದ ಕೋಣೆಯಲ್ಲಿ ಯಾವುದು ತಿನ್ನಬಹುದು ಯಾವುದು ಬಾರದು ಅಂತ ತಿಳಿಯದೆ ಕಲ್ಲಂಗಡಿ ಹಣ್ಣಿನ ಮೇಲೆ ಎಲ್ಲರೂ ಮುಗಿಬಿದ್ದೆವು. ಪೆಟ್ಟಿಗೆಯಲ್ಲಿ ಒಣಗಿಸಿದ ಕಟಕು ರೊಟ್ಟಿ, ಅದಕ್ಕೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿ ಇದ್ದದ್ದರಿಂದ ಬದುಕಿದೆವು.

ಕ್ಯಾಮೆರಾ ಇವರು ಸಿಂಗಾಪುರದ ಅಂಗಡಿಯಲ್ಲಿ ಕೊಂಡರು. ಕೈಗೆ ಬಂದ ಕ್ಷಣದಿಂದ ಯಾರಿಗೂ ಮುಟ್ಟಗೊಡಲಿಲ್ಲ. ಹಾಗಾಗಿ ಕ್ಯಾಮೆರಾ ಅವರದು, ಯಜಮಾನಿಕೆ ನನ್ನದು. ನಮಗೆ ಆಗ ಗೊತ್ತಿದ್ದ ವಿಡಿಯೋ ಒಂದೇ, ಲಗ್ನದ ವಿಡಿಯೋ. ಅದಕ್ಕೊಂದು ಶಾಸ್ತ್ರವಿದೆ. ಕ್ಯಾಮೆರಾ ಹತ್ತಿರ ಬಂದಾಗ ಅಗಿಯುತ್ತಿರುವವರು ಅಗಿಯುವುದು ನಿಲ್ಲಿಸಬೇಕು, ಮಾತಾಡುತ್ತಿರುವವರು ಬಾಯಿ ಮುಚ್ಚಬೇಕು, ಸೆರಗು ಸರಿಮಾಡಿಕೊಂಡು ಕೈ ಇಳಿಬಿಟ್ಟು ನೆಟ್ಟಗೆ ನಿಲ್ಲಬೇಕು. ಕ್ಯಾಮೆರಾ ಬಲದಿಂದ ಎಡಕ್ಕೆ ಒಬ್ಬೊಬ್ಬರ ಮುಖದ ಮೇಲೂ ನಿಂತು ಹೋಗಬೇಕು. ಒಬ್ಬ ಸೋದರತ್ತೆ ಬಿಟ್ಟು ಹೋದರೂ ಮುಂದೆ ಆ ಮನೆಯವರು ನಮ್ಮ ಮನೆಯ ಯಾವ ಕಾರ್ಯಕ್ಕೂ ಬರುವುದಿಲ್ಲ.

ಹಡಗಿನ ಕಟಕಟೆಗೆ ನಾನು ಎಲ್ಲರನ್ನೂ ಸಾಲಾಗಿ ನಿಲ್ಲಿಸಿದೆ. ಉದ್ದನೆಯವರು ಹಿಂದೆ, ಕುಳ್ಳಗಿನವರು ಮುಂದೆ, ಮಕ್ಕಳು ಕಾಲ ಬಳಿ. ಸಂದಿ ಕಂಡಲ್ಲಿ ಇನ್ನೊಬ್ಬರನ್ನು ತುರುಕಿದೆ. ನಾನು ಶಾಲೆಯಲ್ಲಿ ಪ್ರಾರ್ಥನೆಗೆ ನಿಲ್ಲಿಸುವವಳು, ಸಾಲು ನನ್ನ ಕೈಗೆ ಬಂದ ವಿದ್ಯೆ. ಇವರು ಬಲದಿಂದ ಎಡಕ್ಕೆ ಸಾವಕಾಶ ತಿರುಗಿಸಿದರು. ಬೆಳಿಗ್ಗೆ ಒಮ್ಮೆ, ಸೂರ್ಯ ಮುಳುಗುವಾಗ ಒಮ್ಮೆ, ಹಡಗಿನ ಮೂತಿಯಲ್ಲಿ, ಬಾಲದಲ್ಲಿ, ಎಲ್ಲ ಕಡೆ ಇದೇ ಸಾಲು. ಬರೀ ನೀರನ್ನು ತೆಗೆಯಬೇಕು ಅಂತ ನನಗೆ ಹೊಳೆಯಲೇ ಇಲ್ಲ. ಸುತ್ತಲೂ ಸಮುದ್ರವೇ ಇದ್ದಾಗ ಅದು ವಿಡಿಯೋದಲ್ಲಿ ಬರದೆ ಎಲ್ಲಿಗೆ ಹೋದೀತು?

ಒಂದು ಮಧ್ಯಾಹ್ನ ನಮ್ಮವರೆಲ್ಲ ಜಾದೂ ನೋಡಲು ಒಳಗೆ ಹೋದರು, ಮಗಳೂ ಹೋದಳು. ನಾವಿಬ್ಬರೇ ಮೇಲಿನ ಅಟ್ಟದಲ್ಲಿ ರೊಟ್ಟಿಯ ಗಂಟು ಬಿಚ್ಚಿಕೊಂಡು ಕೂತೆವು. ಇವರು ಕ್ಯಾಮೆರಾ ಬಂದ್ ಮಾಡಿ ಪಕ್ಕದ ಮೇಜಿನ ಮೇಲೆ ನೀರಿನ ಕಡೆ ಮುಖ ಮಾಡಿ ಇಟ್ಟರು. ಬಂದ್ ಮಾಡಿದೆ ಅಂತ ತಿಳಿದರು, ಅಷ್ಟೇ. ಗಾಳಿ ನನ್ನ ಸೆರಗನ್ನು ಇವರ ಮುಖಕ್ಕೆ ಬಡಿಯುತ್ತಿತ್ತು. ಇವರು ಅದನ್ನು ತೆಗೆಯದೆ ಒಳಗಿಂದಲೇ, "ಇಲ್ಲಿ ನಮ್ಮ ಗುರುತಿನವರು ಯಾರೂ ಇಲ್ಲ ನೋಡು" ಎಂದರು.

"ಹೌದ್ರೀ."

"ಏನ್ ಒದರಿದ್ರೂ ಯಾರಿಗೂ ತಿಳಿಯಂಗಿಲ್ಲ."

"ಹಂಗಾರ ನಿಮ್ಮ ಹೆಸರು ಹಿಡದು ಕರೀಲೇನ್ರೀ?" ಎಂದೆ. ಎಲ್ಲಿಂದ ಬಂತೋ ಆ ಮಾತು, ಆಡಿದ ಮೇಲೆ ನಾನೇ ಬೆಚ್ಚಿದೆ.

ನಮ್ಮಲ್ಲಿ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ಲಗ್ನದಲ್ಲಿ, ಸೀಮಂತದಲ್ಲಿ ಸುತ್ತಲಿನವರು ಕಾಡಿದಾಗ ಮಾತ್ರ ಒಡಪು ಕಟ್ಟಿ, ಬೆಳ್ಳಿ ಬಟ್ಟಲು, ಮಲ್ಲಿಗೆ ಮೊಗ್ಗು ಅಂತ ನಾಲ್ಕು ಸಾಲು ಸುತ್ತಿ ಕೊನೆಗೆ ಹೆಸರು ಹೇಳಿ ಮುಖ ಮುಚ್ಚಿಕೊಳ್ಳುತ್ತೇವೆ. ಬರೀ ಹೆಸರು, ಬಟ್ಟಲೂ ಇಲ್ಲದೆ ಮೊಗ್ಗೂ ಇಲ್ಲದೆ, ನಾನು ಯಾವತ್ತೂ ಬಾಯಿಗೆ ತಂದಿರಲಿಲ್ಲ. ಬ್ಯಾಂಕಿನಲ್ಲಿ ಕೇಳಿದರೂ ಮಗಳ ಕಡೆ ಕೈ ತೋರಿಸುತ್ತಿದ್ದೆ.

"ಕರಿ ನೋಡೋಣು" ಎಂದರು ಇವರು.

ಮೊದಲ ಸಲ ತುಟಿ ಮಾತ್ರ ಆಡಿತು. "ಕೇಳ್ಸಲಿಲ್ಲ" ಎಂದರು. ಎರಡನೇ ಸಲ ದನಿ ಬಂತು, ಆದರೆ ಅರ್ಧ ಹೆಸರಿಗೆ ನಗು ಬಂದು ಉಳಿದರ್ಧ ಗಂಟಲಲ್ಲಿ ಸಿಕ್ಕಿತು. ಆಮೇಲೆ ನನಗೇನಾಯಿತೋ ಕಾಣೆ. ಎದ್ದು ಕಟಕಟೆ ಹಿಡಿದು ಸಮುದ್ರಕ್ಕೆ ಮುಖ ಮಾಡಿ, ಪೂರ್ತಿ ಹೆಸರು, ಹೊಟ್ಟೆಯೊಳಗಿಂದ ಕರೆದೆ. ಮತ್ತೊಮ್ಮೆ ಕರೆದೆ. ರುಚಿ ಹತ್ತಿತು. ಕೊನೆಗೆ ಹೆಸರಿನ ಬಾಲಕ್ಕೆ ಒಂದು 'ಲೇ' ಕೂಡ ಹಚ್ಚಿ, "ಊಟಕ್ಕ ಬಾರಲೇ" ಎಂದು ಕೂಗಿದೆ. ಜಿಲ್ಲೆಯಲ್ಲೇ ಹೆಚ್ಚು ಸಿಮೆಂಟ್ ಮಾರಿದ ಆ ಮನುಷ್ಯ ಎರಡೂ ಕಿವಿ ಹಿಡಿದುಕೊಂಡು, "ಬಂದೆ ಬಂದೆ, ಹೊಡೀಬ್ಯಾಡ್ರಿ ಟೀಚರ್" ಎಂದರು. ಅಲ್ಲೇ ಕೂತು ಇಬ್ಬರೂ ಕಣ್ಣಲ್ಲಿ ನೀರು ಬರುವ ತನಕ ನಕ್ಕೆವು. ಲಗ್ನವಾಗಿ ಅಷ್ಟು ವರ್ಷವಾಗಿತ್ತು, ನನಗೆ ಗಂಡ ಸಿಕ್ಕಿದ್ದು ಅವತ್ತೇ ಅನಿಸಿತು. ಆಮೇಲೆ ಕ್ಯಾಮೆರಾ ಅಲ್ಲೇ ಮರೆತು ಜಾದೂ ನೋಡಲು ಓಡಿದೆವು. ಬಹಳ ಹೊತ್ತಿನ ಮೇಲೆ ಇವರು ಎದೆ ಹಿಡಿದುಕೊಂಡು ಬಂದು ನೋಡಿದರೆ ಪುಣ್ಯಕ್ಕೆ ಇಟ್ಟಲ್ಲೇ ಇತ್ತು.

ಕಲಬುರಗಿಗೆ ಮರಳಿದ ಮೇಲೆ ಟೇಪುಗಳನ್ನೆಲ್ಲ ಚೀಲದಲ್ಲಿ ಹಾಕಿಕೊಂಡು ಸೂಪರ್ ಮಾರ್ಕೆಟ್ ಹತ್ತಿರದ ಒಬ್ಬ ಮಿಕ್ಸಿಂಗ್‌ನವನ ಬಳಿ ಹೋದೆ. ಲಗ್ನದ ವಿಡಿಯೋ ತೆಗೆದು, ಬೇಡದ್ದು ಕತ್ತರಿಸಿ, ಹಾಡು ಸೇರಿಸಿ ಒಂದು ಕ್ಯಾಸೆಟ್ಟಿಗೆ ಇಳಿಸಿ ಕೊಡುವುದಕ್ಕೆ ನಮ್ಮಲ್ಲಿ ಮಿಕ್ಸಿಂಗ್ ಅನ್ನುತ್ತಾರೆ. ಅವನು ಬಹಳ ಹುಮ್ಮಸ್ಸಿನ ಹುಡುಗ. "ಫಿಕರ್ ಮಾಡಬ್ಯಾಡ್ರಿ ಅಕ್ಕಾ, ಒಂದ್ ನಂಬರ್ ಮಾಡಿ ಕೊಡ್ತೀನಿ" ಎಂದು ಎಲ್ಲ ಟೇಪೂ ಹಾಕಿ ನೋಡತೊಡಗಿದ. ನಾನು ಪಕ್ಕದ ಸ್ಟೂಲಿನ ಮೇಲೆ ಕೂತು ನೋಡಿದೆ.

ಸಾಲು. ಮತ್ತೊಂದು ಸಾಲು. ಭುಜಕ್ಕೆ ಭುಜ ಹತ್ತಿಸಿ ನಿಂತ ಡೀಲರುಗಳು, ಅವರ ಹೆಂಡಂದಿರು, ಕೈ ಇಳಿಬಿಟ್ಟ ಮಕ್ಕಳು. ಎರಡು ತಲೆಗಳ ನಡುವೆ ಅಂಗೈಯಷ್ಟು ನೀಲಿ ಕಂಡರೆ, ಮರುಕ್ಷಣವೇ ಅಲ್ಲಿಗೆ ನನ್ನ ಕೈ ಬಂದು ಒಂದು ಮಗುವನ್ನು ತುರುಕುತ್ತಿತ್ತು. ಅಷ್ಟು ದೂರ ಹೋಗಿ ನಾವು ಸಮುದ್ರಕ್ಕೆ ಗೋಡೆ ಕಟ್ಟಿ ಬಂದಿದ್ದೆವು. ನನಗೆ ನಗು ಬರಲಿಲ್ಲ. ಮೊರದ ಮೇಲೆ ಕೈಯಿಟ್ಟು ಮಾತು ಕೊಟ್ಟದ್ದು ನೆನಪಾಯಿತು.

ಆಗ ಕೊನೆಯ ಟೇಪಿನಲ್ಲಿ ಸಮುದ್ರ ಬಂತು. ಪರದೆಯ ತುಂಬ ಬರೀ ನೀರು, ತೆರೆಯ ಮೇಲೆ ಬಿಸಿಲು, ಒಂದೇ ಒಂದು ತಲೆಯಿಲ್ಲ. ಭೋರ್ ಎಂದು ಸಪ್ಪಳ. ನಾನು ಸ್ಟೂಲಿನಿಂದ ಎದ್ದು ನಿಂತೆ. ಅಷ್ಟರಲ್ಲಿ ಅದರೊಳಗಿಂದ ನನ್ನ ದನಿ ಬಂತು, ನಮ್ಮ ಮನೆಯವರ ಹೆಸರು ಹಿಡಿದು. ಮತ್ತೆ ಬಂತು. 'ಲೇ' ಬಂತು. ಊಟಕ್ಕೆ ಕರೆದದ್ದೂ ಬಂತು. ಮಿಕ್ಸಿಂಗ್‌ನವನು ಮೇಜಿನ ಮೇಲೆ ತಲೆಯಿಟ್ಟು ಬೆನ್ನು ಅಲುಗಾಡಿಸುತ್ತಿದ್ದ.

"ಇದು ವೇಸ್ಟ್ ಪೀಸ್ ಅಲ್ಲೇನ್ರೀ ಅಕ್ಕಾ, ತಗದುಬಿಡ್ಲೇನು?" ಎಂದ ತಲೆ ಎತ್ತದೆಯೇ.

"ತಗೀಬ್ಯಾಡ, ನನ್ನ ದನಿ ಅಷ್ಟೇ ತಗಿ" ಎಂದೆ. ಹಾಗೆ ಬರುವುದಿಲ್ಲ, ನೀರಿನ ಸಪ್ಪಳ ನಿಮ್ಮ ದನಿ ಎರಡೂ ಒಂದರಲ್ಲೇ ಕೂತಿವೆ, ತೆಗೆದರೆ ಎರಡೂ ಹೋಗುತ್ತವೆ ಎಂದ. "ಮೊದಲಿಂದು ಬಿಟ್ಟು ಹಿಂದಿಂದು ಹಾಕ್ಲೇನು?" ಎಂದು ಟೇಪು ಮುಂದೆ ಓಡಿಸಿದ. ನಾವು ಜಾದೂಗೆ ಓಡಿಹೋದ ಮೇಲೆ ಬರೀ ಸಮುದ್ರವೇ ಇರಬೇಕಿತ್ತು. ಇತ್ತು. ಆದರೆ ನನಗೆ ಆಗ ಬುದ್ಧಿ ಎಲ್ಲಿತ್ತು? ಯಾವಾಗ ಮತ್ತೆ ನನ್ನ ದನಿ ಹೊರಡುತ್ತದೋ ಎಂಬ ಭಯದಲ್ಲಿ, "ಸಪ್ಪಳ ಪೂರಾ ತಗದು ಏನರ ಬಾಜಾ ಹಾಕಪ್ಪ" ಎಂದು ಮನೆಗೆ ಓಡಿಬಂದೆ. ಇವರಿಗೆ ಹೇಳಿದಾಗ ಮುಖ ಬಿಳಿಚಿ, ಆ ಟೇಪು ಸುಟ್ಟುಬಿಡು ಎಂದರು. ಸುಡಲು ಮನಸ್ಸು ಬರಲಿಲ್ಲ. ಮಿಕ್ಸಿಂಗ್ ಮುಗಿದು ಟೇಪುಗಳು ಕೈಗೆ ಬಂದ ಮೇಲೆ ಅದನ್ನು ಸೀರೆಗಳ ನಡುವೆ ಮುಚ್ಚಿಟ್ಟೆ.

ಕ್ಯಾಸೆಟ್ಟು ತಯಾರಾಗಿ ಬಂತು. ಮಿಕ್ಸಿಂಗ್‌ನವನಿಗೆ ಗೊತ್ತಿದ್ದ ಶಾಸ್ತ್ರವೂ ಒಂದೇ. ಮೊದಲು ಗಣಪತಿ ಬಂದ. ಕಮಲ ಅರಳಿ ಅದರೊಳಗಿಂದ ಇವರ ಮುಖ ಬಂತು, ಗುಲಾಬಿಯೊಳಗಿಂದ ನನ್ನದು ಬಂತು, ಎರಡೂ ಹೂವು ಸುತ್ತುತ್ತ ಬಂದು ಹೃದಯದೊಳಗೆ ಸೇರಿಕೊಂಡವು. ಮಗಳು ಮಿನುಗುವ ಒಂದು ಚಿಕ್ಕೆಯಿಂದ ಕೆಳಗೆ ಜಾರಿದಳು. ಹಡಗಿನ ಊಟಕ್ಕೆ ಬೀಗರ ಊಟದ ಬಾಜಾ, ಲಿಫ್ಟಿಗೆ ಅಕ್ಷತೆಯ ಬಾಜಾ. ಮೈಯೆಲ್ಲ ಕಾವೇರಿದಂತೆ ನಾಚಿಕೆಯಾಯಿತು, ಖುಷಿಯೂ ಆಯಿತು. ನಮ್ಮ ಲಗ್ನಕ್ಕೆ ವಿಡಿಯೋ ಮಾಡಿಸಿರಲಿಲ್ಲ.

ಕಮಲಾಪುರದ ಅಂಗಳದಲ್ಲಿ ಟಿವಿ ಇಟ್ಟು ಸಂಜೆ ಹೊತ್ತಿಗೆ ತೋರಿಸಿದೆವು. ಓಣಿಗೆ ಓಣಿಯೇ ಬಂದಿತ್ತು. ಗಣಪತಿ ಕಂಡ ಕೂಡಲೇ ಒಬ್ಬ ಮುದುಕ, "ಯಾರ ಲಗ್ನದ್ದು?" ಎಂದು ಕೇಳಿದ. ಹೃದಯದೊಳಗೆ ನಾವಿಬ್ಬರೂ ಸೇರಿದಾಗ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು, ಇವರು ಎದ್ದು ದನಕ್ಕೆ ಮೇವು ಹಾಕಲು ಹೋದರು. ಟವೆಲ್ಲಿನ ಹಂಸವನ್ನು ಮೂರು ಸಲ ಹಿಂದೆ ತಿರುಗಿಸಿ ತೋರಿಸಬೇಕಾಯಿತು. ಅತ್ತೆ ಮಾತ್ರ ಟಿವಿಯ ಮುಂದೆಯೇ ಕೂತು, ಸಾಲು ಬಂದಾಗಲೆಲ್ಲ ಕುತ್ತಿಗೆ ಅತ್ತಿತ್ತ ಚಾಚಿ, "ಏ, ಸರೀರಿ ಅತ್ಲಾಗ, ನೀರು ಕಾಣವಲ್ದು" ಎಂದು ಪರದೆಯೊಳಗಿನ ಡೀಲರುಗಳನ್ನು ಗದರುತ್ತಿದ್ದರು.

ಕೊನೆಗೆ ಸಮುದ್ರ ಬಂತು. ಅತ್ತೆ ಕಿವಿ ಮುಂದೆ ಮಾಡಿ ಕೂತರು. ತೆರೆ ಏಳುತ್ತಿತ್ತು, ಬೀಳುತ್ತಿತ್ತು, ಅದರ ಮೇಲೆ ಕಿವಿ ತುಂಬುವಂತೆ ಸನಾದಿ ಊದುತ್ತಿತ್ತು.

"ಸಮುದ್ರದಾಗ ಸನಾದಿ ಯಾರು ಊದಾಕತ್ತಾರ?" ಎಂದರು ಅತ್ತೆ. ಎಲ್ಲರೂ ನಕ್ಕರು. ಅವರು ನಗಲಿಲ್ಲ. "ಸಪ್ಪಳ ಎಲ್ಲದ ಯವ್ವಾ? ಸಪ್ಪಳ ಬೇಕಂದಿದ್ದೆನಲ್ಲ" ಎಂದು ನನ್ನ ಕಡೆ ನೋಡಿದರು. ಬಂದಿಲ್ರೀ ಎಂದೆ. ಓಣಿಯವರು ಹೊಗಳಿ ಹೊಗಳಿ ಮನೆಗೆ ಹೋದರು, ಅತ್ತೆ ಅರ್ಧ ರೊಟ್ಟಿ ತಿಂದು ಎದ್ದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಅರ್ಧ ರೊಟ್ಟಿ ನನ್ನ ಜೀವ ತಿಂದಿತು.

ಟೇಪು ನನ್ನ ಚೀಲದಲ್ಲೇ ಇತ್ತು, ಕ್ಯಾಮೆರಾ ಕೂಡ. ಬಾಳೆತೋಟ ತೆಗೆಯುತ್ತೇನೆ ಅಂತ ಇವರು ತಂದಿದ್ದರು. ಸೀರೆಯ ನಡುವಿನಿಂದ ಆ ಟೇಪನ್ನು ಚೀಲಕ್ಕೆ ಹಾಕಿದ್ದು ನಾನೇ. ಮರುದಿನ ಗಂಡಸರು ತೋಟಕ್ಕೆ ಹೋದರು. ನೆಗೆಣ್ಣಿ, ಅಂದರೆ ಹಿರಿಯ ಸೊಸೆ, ಮಕ್ಕಳನ್ನು ಕರೆದುಕೊಂಡು ಬಟ್ಟೆ ಒಗೆಯಲು ಹೋದಳು. ಪಡಸಾಲೆಯಲ್ಲಿ ಅತ್ತೆ ಒಬ್ಬರೇ. ಆ ಮನೆಯಲ್ಲಿ ನಾನು ತಲೆಯ ಮೇಲಿನ ಸೆರಗು ಜಾರಗೊಟ್ಟವಳಲ್ಲ; ಇಡೀ ಓಣಿಗೆ ಅತ್ತೆ ನನ್ನನ್ನೇ ತೋರಿಸಿ, ಸೊಸೆ ಅಂದರೆ ಹಿಂಗಿರಬೇಕು ಎನ್ನುತ್ತಿದ್ದರು. ಅದೆಲ್ಲ ಇವತ್ತಿಗೆ ಮುಗಿಯಿತು ಅಂದುಕೊಂಡೇ ಕ್ಯಾಮೆರಾದ ವೈರನ್ನು ಟಿವಿಗೆ ಸಿಕ್ಕಿಸಿದೆ.

"ಅತ್ತೆವ್ವ, ಸಪ್ಪಳ ಅದ ರೀ. ಬರ್ರಿ."

ಬಂದು ಕೂತರು. ಸಮುದ್ರ ಬಂತು, ಈ ಸಲ ಸಪ್ಪಳ ಸಮೇತ. ಅತ್ತೆಯ ಕೈ ಎದೆಗೆ ಹೋಯಿತು. ನಾನು ಟಿವಿಯ ದನಿ ತಿರುಗಿಸುವ ಗುಂಡಿಯ ಮೇಲೆ ಬೆರಳಿಟ್ಟೇ ಕೂತಿದ್ದೆ. ಇವರ ಮಾತು ಶುರುವಾಗುವ ಹೊತ್ತಿಗೆ ಸಣ್ಣಗೆ ಮಾಡಿದೆ.

"ಯಾಕ ಸಣ್ಣ ಮಾಡ್ತಿ? ಬಿಡು, ಈಗ ಹತ್ತೇದ ಕಿವಿಗೆ" ಎಂದರು.

ಬಿಟ್ಟೆ. ಅವರ ಮಗನ ಹೆಸರು ಪಡಸಾಲೆಯ ತುಂಬ ಬಂದು ಬಿತ್ತು. ಆಮೇಲೆ ಇನ್ನೊಮ್ಮೆ, ಇನ್ನೂ ಜೋರಾಗಿ. ಆಮೇಲೆ 'ಲೇ'. ನಾನು ನೆಲ ನೋಡುತ್ತಿದ್ದೆ.

"ಯಾರದು?" ಎಂದರು ಅತ್ತೆ.

"ನಾನ್ರೀ."

"ಊಟಕ್ಕ ಕರೆಯಾಕತ್ತೀಯೇನು?"

"ಹೂಂ ರೀ."

"ಅಂವ ಏನಂದ?"

"ಬಂದೆ ಅಂದ್ರು ರೀ. ಹೊಡೀಬ್ಯಾಡ್ರಿ ಟೀಚರ್ ಅಂದ್ರು."

ತಲೆ ಎತ್ತಿ ನೋಡಿದರೆ ಅತ್ತೆ ಸೆರಗನ್ನು ಬಾಯೊಳಗೆ ತುರುಕಿಕೊಂಡು ನಡುಗುತ್ತಿದ್ದರು. ಜ್ವರವೇನೋ ಅಂತ ಹೆದರಿದೆ. ಜ್ವರವಲ್ಲ, ನಗು. ಸೆರಗು ಬಾಯಿಂದ ಜಾರಿದ್ದೇ ತಡ, ಗೋಡೆಗೆ ಒರಗಿ, ತೊಡೆ ಬಡಿದುಕೊಂಡು, "ಹೊಡೀಬ್ಯಾಡ್ರಿ ಅಂದನೇನು, ನನ್ನ ಮಗ?" ಎಂದು ಮತ್ತೆ ನಕ್ಕರು. ನನಗೂ ತಡೆಯಲಾಗಲಿಲ್ಲ. ಅತ್ತೆ ಸೊಸೆ ಇಬ್ಬರೂ ಒಬ್ಬರ ಮೇಲೊಬ್ಬರು ಬೀಳುವಂತೆ ನಕ್ಕದ್ದು ಅದೇ ಮೊದಲು. "ಇನ್ನೊಮ್ಮೆ ಹಚ್ಚು" ಎಂದರು. ಹಚ್ಚಿದೆ. ಇನ್ನೂ ಒಮ್ಮೆ ಹಚ್ಚಿದೆ.

ಮೂರನೇ ಸಲ ನಮ್ಮಿಬ್ಬರ ದನಿ ಮುಗಿದ ಮೇಲೆ ನಾನು ನಿಲ್ಲಿಸಲಿಲ್ಲ. ಟೇಪಿನಲ್ಲಿ ಬರೀ ಸಮುದ್ರ ಉಳಿಯಿತು. ನಿಲ್ಲದೆ ಒದರುತ್ತಿತ್ತು. ಅತ್ತೆ ಕಣ್ಣೊರೆಸಿಕೊಂಡು ಕೇಳುತ್ತ ಕೂತರು. ಸುಮ್ಮನಾಗುತ್ತದೇನೋ ಅಂತ ಕಾಯುತ್ತಿದ್ದರು, ನನಗೆ ಗೊತ್ತಾಯಿತು. ಅದು ಸುಮ್ಮನಾಗಲಿಲ್ಲ.

"ಅಲ್ಲಿ ಯಾರೂ ಇರ್ಲಿಲ್ಲೇನು, ನೀ ಒದರುವಾಗ?"

"ಯಾರೂ ಇಲ್ರೀ. ಬರೇ ನೀರು."

ಅತ್ತೆ ಬಾಗಿಲ ಕಡೆ ಒಮ್ಮೆ ನೋಡಿದರು. ಆಮೇಲೆ ಬೆನ್ನು ನೆಟ್ಟಗೆ ಮಾಡಿ, ಪರದೆಗೆ ಮುಖ ಮಾಡಿ, ಮಾವನವರ ಹೆಸರು ಕರೆದರು. ಬರೀ ಹೆಸರು. ಆ ಹೆಸರನ್ನು ನಾನು ಅವರ ಬಾಯಲ್ಲಿ ಒಮ್ಮೆಯೂ ಕೇಳಿರಲಿಲ್ಲ. ಗಂಡ ಹೋದ ಹೆಂಗಸಿಗೆ ಯಾರೂ ಒಡಪು ಹೇಳು ಅನ್ನುವುದಿಲ್ಲ. ಮಾವನವರು ಹೋದ ದಿನದಿಂದ ಆ ಹೆಸರನ್ನು ಅವರಿಂದ ಯಾರೂ ಕೇಳಿರಲಿಲ್ಲ. ದನಿ ಮೊದಲು ತಡವರಿಸಿತು. ಎರಡನೇ ಸಲ ಜೋರಾಗಿಯೇ ಕರೆದರು. "ಕೇಳಾಕತ್ತೀರೇನು? ನೀವು ಹೇಳಿದ್ದು ಖರೇ ಅದ. ಇದು ಸುಮ್ನಿರಂಗಿಲ್ಲ" ಎಂದರು.

ನಾನು ಅವರ ಮೊಣಕಾಲ ಮೇಲೆ ಕೈಯಿಟ್ಟೆ.

"ನಿನ್ನ ಗಂಡ ನೋಡು, ಕರದ ಕೂಡ್ಲೇ ಓ ಅಂದ" ಎಂದರು ಅತ್ತೆ, ಕಣ್ಣು ಪರದೆಯ ಮೇಲೆಯೇ ಇಟ್ಟು. "ನಮ್ಮವರು ಓ ಅನ್ನವಲ್ರು." ಆಮೇಲೆ ಮುಖ ಅರಳಿಸಿ ನಕ್ಕರು. "ಅನ್ನಂಗಿಲ್ಲ ಬಿಡು. ಗೆದ್ದಾರಲ್ಲ ಇವತ್ತ. ಗೆದ್ದ ದಿನ ಅವರು ಹಿಂಗ, ಗಪ್ಪ ಕುಂತು ನನ್ನ ಮಾರಿ ನೋಡ್ತಿದ್ರು."